ವೋಲ್ಟೇಜ್ ಹೇಳಿದಂತೆ ಕೇಳುವ ರೋಧಕ: ಬಿಎಫ್‌ಡಬ್ಲ್ಯು10 ಮತ್ತು ಅದರ ಜೊತೆಗಾರರು

ಟ್ರಾನ್ಸಿಸ್ಟರನ್ನು ವೋಲ್ಟೇಜ್‌ನಿಂದ ಹತೋಟಿಯಲ್ಲಿಡಬಹುದಾದ ರೋಧಕವಾಗಿ ಬಳಸುವುದಕ್ಕೆ ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಧನ 12, ಋಣ 12 ವೋಲ್ಟ್‌ನ ಜೋಡಿ ಸಪ್ಲೈ ನಿಮ್ಮ ಬಳಿ ಇದ್ದರೆ ಬಿಎಫ್‌ಡಬ್ಲ್ಯು10 ಅಥವಾ ಬಿಎಫ್‌ಡಬ್ಲ್ಯು11 ಕೊಳ್ಳಿ. ಒಂಬತ್ತು ವೋಲ್ಟ್ ಬ್ಯಾಟರಿಯಲ್ಲೇ ಎಲ್ಲ ನಡೆಯಬೇಕಾದರೆ ಜೆ113 ಸಾಕು. ಗಿಟಾರ್ ಪೆಡಲ್ ಕಟ್ಟುವವರ ಬಾಯಲ್ಲಿ ಸದಾ ಕೇಳಿಬರುವ ಜೆ201 ಒಳ್ಳೆಯ ಟ್ರಾನ್ಸಿಸ್ಟರೇ ಹೌದು, ಆದರೆ ಈ ಕೆಲಸಕ್ಕಲ್ಲ. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಬಿಡಿಭಾಗ ಕೊಳ್ಳುವಾಗ ಹೆಸರನ್ನು ನೋಡುವುದಕ್ಕಿಂತ ಒಂದೇ ಒಂದು ಅಳತೆಯನ್ನು ನೋಡುವುದು ಮುಖ್ಯ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಆ ಅಳತೆ ಪಿಂಚ್‌ಆಫ್ ವೋಲ್ಟೇಜ್, ಅಂದರೆ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿ ಕರೆಂಟ್ ನಿಲ್ಲಬೇಕಾದರೆ ಅದರ ಗೇಟ್ ಎಂಬ ನಿಯಂತ್ರಣದ ಕಾಲಿಗೆ ಎಷ್ಟು ಋಣ ವೋಲ್ಟೇಜ್ ಕೊಡಬೇಕು ಎಂಬುದು.

ದಾವಣಗೆರೆಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವಳು ನಾನು. ನಿವೃತ್ತಿಯ ನಂತರ ವೀಣೆ ಮತ್ತು ಬೆಸುಗೆ ಕಡ್ಡಿ ಎರಡೂ ದಿನದ ಸಂಗಾತಿಗಳಾಗಿವೆ. ಇಲ್ಲಿ ಬರೆಯುತ್ತಿರುವುದು ಆ ಎರಡರ ನಡುವೆ ನಾನು ಕಟ್ಟಿ, ಅಳೆದು, ಕಿವಿಯಿಂದ ಕೇಳಿ ಕಂಡುಕೊಂಡದ್ದು.

ಕರ್ನಾಟಕದ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಬಿಎಫ್‌ಡಬ್ಲ್ಯು10 ಹೊಸದಲ್ಲ. ಜೆಫೆಟ್ ಗುಣಲಕ್ಷಣದ ಪ್ರಯೋಗದಲ್ಲಿ ಕೈಗೆ ಬರುವ ಪುಟ್ಟ ಲೋಹದ ಡಬ್ಬಿ, ನಾಲ್ಕು ಕಾಲಿನದು, ಅದೇ. ಜೆಫೆಟ್ ಎಂದರೆ ಡ್ರೈನ್ ಎಂಬ ಕಾಲಿನಿಂದ ಸೋರ್ಸ್ ಎಂಬ ಕಾಲಿಗೆ ಹರಿಯುವ ಕರೆಂಟನ್ನು ಗೇಟ್ ವೋಲ್ಟೇಜ್‌ನಿಂದ ಹತೋಟಿಯಲ್ಲಿಡುವ ಟ್ರಾನ್ಸಿಸ್ಟರ್; ಜೆ113, ಜೆ201 ಕೂಡ ಅದೇ ಜಾತಿಯವು. ಡ್ರೈನ್ ವೋಲ್ಟೇಜನ್ನು ಹಂತಹಂತವಾಗಿ ಏರಿಸಿ ಕರೆಂಟ್ ಬರೆದುಕೊಂಡು, ಗ್ರಾಫ್ ಹಾಳೆಯ ಮೇಲೆ ಗೆರೆಗಳನ್ನು ಎಳೆಯುವ ಪ್ರಯೋಗ. ವಿದ್ಯಾರ್ಥಿಗಳೆಲ್ಲ ಗಮನ ಕೊಡುವುದು ಗೆರೆ ಚಪ್ಪಟೆಯಾಗುವ ಬಲಭಾಗಕ್ಕೆ, ಆಂಪ್ಲಿಫೈಯರ್ ಕೆಲಸ ಮಾಡುವ ಜಾಗಕ್ಕೆ. ಸೊನ್ನೆಯ ಪಕ್ಕದ ಎಡಮೂಲೆಯಲ್ಲಿ ಎರಡು ಚುಕ್ಕಿ ಇಟ್ಟು ಗೆರೆಯನ್ನು ಸರ್ರನೆ ಎಳೆದುಬಿಡುತ್ತಾರೆ. ಆದರೆ ನಮಗೆ ಬೇಕಾದದ್ದೆಲ್ಲ ಇರುವುದು ಆ ಮೂಲೆಯಲ್ಲಿ. ಡ್ರೈನ್ ಮತ್ತು ಸೋರ್ಸ್ ನಡುವಿನ ವೋಲ್ಟೇಜ್ ಒಂದೆರಡು ಹತ್ತು ಮಿಲಿವೋಲ್ಟ್‌ಗಳಷ್ಟೇ ಇರುವಾಗ ಎಲ್ಲ ಗೆರೆಗಳೂ ಸೊನ್ನೆಯನ್ನು ಹಾದು ನೇರವಾಗಿ ಹೋಗುತ್ತವೆ, ಆ ಕಡೆ ಋಣ ಭಾಗಕ್ಕೂ ಹಾಗೆಯೇ ಇಳಿಯುತ್ತವೆ. ಸೊನ್ನೆಯ ಮೂಲಕ ಹಾಯುವ ನೇರ ಗೆರೆ ಎಂದರೆ ರೋಧಕವೇ. ಗೇಟ್ ವೋಲ್ಟೇಜ್ ಬದಲಾಯಿಸಿದರೆ ಗೆರೆಯ ಓಟ ಬದಲಾಗುತ್ತದೆ, ಅಂದರೆ ರೋಧ ಬದಲಾಗುತ್ತದೆ. ಗೇಟ್‌ಗೆ ಕರೆಂಟ್ ಹೋಗುವುದೇ ಇಲ್ಲವೆನ್ನಬಹುದು. ಕೈಯಿಂದ ತಿರುಗಿಸುವ ಪೊಟೆನ್ಶಿಯೋಮೀಟರ್ ಮಾಡುವ ಕೆಲಸವನ್ನು ಇನ್ನೊಂದು ಸರ್ಕ್ಯೂಟ್ ಸದ್ದಿಲ್ಲದೆ, ಸವೆತವಿಲ್ಲದೆ, ಸೆಕೆಂಡಿಗೆ ಸಾವಿರ ಸಲ ಮಾಡಬಲ್ಲದು.

ಲೆಕ್ಕವೂ ಸರಳ. ಗೇಟ್ ಸೊನ್ನೆಯಲ್ಲಿದ್ದಾಗ ಸಿಗುವ ಅತಿ ಕಡಿಮೆ ರೋಧ ಎಷ್ಟೆಂದು ಅಂದಾಜು ಮಾಡಲು ಪಿಂಚ್‌ಆಫ್ ವೋಲ್ಟೇಜನ್ನು, ಗೇಟ್ ಸೊನ್ನೆಯಲ್ಲಿರುವಾಗಿನ ಪೂರ್ಣ ಡ್ರೈನ್ ಕರೆಂಟಿನ ಎರಡರಷ್ಟರಿಂದ ಭಾಗಿಸಿದರೆ ಆಯಿತು. ನನ್ನ ಬಳಿ ಇರುವ ಒಂದು ಬಿಎಫ್‌ಡಬ್ಲ್ಯು10ಕ್ಕೆ ಪಿಂಚ್‌ಆಫ್ 3.8 ವೋಲ್ಟ್, ಪೂರ್ಣ ಕರೆಂಟ್ 11 ಮಿಲಿಆಂಪಿಯರ್. ಭಾಗಿಸಿದರೆ ಸುಮಾರು 170 ಓಮ್. ಗೇಟನ್ನು ಋಣ ದಿಕ್ಕಿನಲ್ಲಿ ಪಿಂಚ್‌ಆಫ್‌ನ ಅರ್ಧದವರೆಗೆ ಒಯ್ದರೆ ರೋಧ ಎರಡರಷ್ಟಾಗುತ್ತದೆ, ಹತ್ತರಲ್ಲಿ ಒಂಬತ್ತು ಭಾಗಕ್ಕೆ ಒಯ್ದರೆ ಹತ್ತರಷ್ಟು, ನೂರರಲ್ಲಿ ತೊಂಬತ್ತೈದು ಭಾಗಕ್ಕೆ ಒಯ್ದರೆ ಇಪ್ಪತ್ತರಷ್ಟು. ಮೊದಲ ಅರ್ಧ ದಾರಿಯಲ್ಲಿ ಏನೂ ಆಗದಂತೆ ಕಾಣುತ್ತದೆ, ಕೊನೆಯ ಗೇಣಿನಲ್ಲಿ ಎಲ್ಲವೂ ಒಮ್ಮೆಲೇ ನಡೆಯುತ್ತದೆ. ವೀಣೆಯಲ್ಲಿ ಮೇಲಿನ ಸ್ಥಾಯಿಗೆ ಹೋದಂತೆ ಮೆಟ್ಟಿಲುಗಳು ಹತ್ತಿರವಾಗಿ, ಬೆರಳು ಕೂದಲೆಳೆಯಷ್ಟು ಜಾರಿದರೂ ಸ್ವರ ಬೇರೆಯಾಗುವಂತೆ.

ಪಿಂಚ್‌ಆಫ್ ಏಕೆ ಮುಖ್ಯ ಎಂಬುದು ಇಲ್ಲಿ ತಿಳಿಯುತ್ತದೆ. ನನ್ನ ಬಿಎಫ್‌ಡಬ್ಲ್ಯು10ರಲ್ಲಿ ರೋಧ ಹತ್ತರಷ್ಟರಿಂದ ಇಪ್ಪತ್ತರಷ್ಟಕ್ಕೆ ಏರಲು ಗೇಟ್ ವೋಲ್ಟೇಜ್ 0.19 ವೋಲ್ಟ್ ಸರಿಯಬೇಕು. ಅದನ್ನು ಒಂದು ಸಾಧಾರಣ ಪ್ರಿಸೆಟ್‌ನಿಂದ (ಒಮ್ಮೆ ತಿರುಗಿಸಿ ಹೊಂದಿಸಿಡುವ ಪುಟ್ಟ ಪೊಟೆನ್ಶಿಯೋಮೀಟರ್) ಆರಾಮವಾಗಿ ಹಿಡಿದು ನಿಲ್ಲಿಸಬಹುದು. ಜೆ201ರ ತಯಾರಕರ ಹಾಳೆಯಲ್ಲಿ ಪಿಂಚ್‌ಆಫ್ 0.3ರಿಂದ 1.5 ವೋಲ್ಟ್ ಎಂದಿದೆ. ನಡುವಿನ 0.6 ವೋಲ್ಟಿನದೊಂದು ಸಿಕ್ಕಿತೆನ್ನಿ. ಅದೇ ಬದಲಾವಣೆಗೆ ಅಲ್ಲಿ 0.03 ವೋಲ್ಟ್ ಸಾಕು. ಸಪ್ಲೈಯಲ್ಲಿ ಉಳಿದಿರುವ ಗುಂಯ್ ಸದ್ದು, ಪ್ರಿಸೆಟ್‌ನ ಸಣ್ಣ ಅಲುಗಾಟ, ಎಲ್ಲವೂ ಅಷ್ಟು ಮಾಡಬಲ್ಲವು. ಬಿಸಿಲಿನ ವಿಷಯ ಬೇರೆ. ಉಷ್ಣತೆ ಏರಿದಂತೆ ಜೆಫೆಟ್‌ನ ಪಿಂಚ್‌ಆಫ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಸರಿಯುತ್ತದೆ. ಬೆಳಗಿನ ತಂಪಿನಲ್ಲಿ ಹೊಂದಿಸಿದ್ದು ಏಪ್ರಿಲ್ ಮಧ್ಯಾಹ್ನಕ್ಕೆ 20 ಡಿಗ್ರಿ ಬಿಸಿಯಾದರೆ 40 ಮಿಲಿವೋಲ್ಟ್ ಹೋಯಿತು. 3.8 ವೋಲ್ಟಿಗೆ ಅದು ಗಣನೆಗೆ ಬಾರದು, 0.6 ವೋಲ್ಟಿಗೆ ಅದೇ ದೊಡ್ಡ ಪೆಟ್ಟು. ದಾವಣಗೆರೆಯಂಥ ಊರಿನಲ್ಲಿ ಇದನ್ನು ಮರೆತು ಸರ್ಕ್ಯೂಟ್ ಕಟ್ಟುವಂತಿಲ್ಲ.

ಇನ್ನು ಧ್ವನಿ ಕೆಡುವ ವಿಷಯ. ಜೆಫೆಟ್ ನಿಜವಾದ ರೋಧಕವಾಗಿರುವುದು ಸೊನ್ನೆಯ ಪಕ್ಕದಲ್ಲಿ ಮಾತ್ರ. ಡ್ರೈನ್ ಮೇಲಿನ ಸಿಗ್ನಲ್ ದೊಡ್ಡದಾದಂತೆ ಗೆರೆ ಬಾಗುತ್ತದೆ, ಅಲೆಯ ಮೇಲರ್ಧಕ್ಕೆ ಒಂದು ರೋಧ, ಕೆಳಗಿನ ಅರ್ಧಕ್ಕೆ ಇನ್ನೊಂದು ರೋಧ ಆಗುತ್ತದೆ. ಎಷ್ಟು ಬಾಗುತ್ತದೆ ಎನ್ನುವುದಕ್ಕೂ ಲೆಕ್ಕವಿದೆ: ಡ್ರೈನ್ ವೋಲ್ಟೇಜನ್ನು, ಗೇಟ್ ಪಿಂಚ್‌ಆಫ್‌ನಿಂದ ಎಷ್ಟು ದೂರವಿದೆಯೋ ಅದರ ಎರಡರಷ್ಟರಿಂದ ಭಾಗಿಸಬೇಕು. 50 ಮಿಲಿವೋಲ್ಟ್ ಸಿಗ್ನಲ್ ಇದ್ದು ಗೇಟ್ ಪಿಂಚ್‌ಆಫ್‌ನಿಂದ 2 ವೋಲ್ಟ್ ದೂರವಿದ್ದರೆ ರೋಧದ ವ್ಯತ್ಯಾಸ ಶೇಕಡಾ 1.25. ದೂರ 0.3 ವೋಲ್ಟ್ ಆದರೆ ಶೇಕಡಾ 8ಕ್ಕೂ ಹೆಚ್ಚು. ಜೆ201ರಲ್ಲಿ 0.3 ವೋಲ್ಟ್ ಎಂದರೆ ದಾರಿಯ ನಡುಮಧ್ಯ. ಅದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ ಅದು ಹೆಚ್ಚು ಹೊತ್ತು ಇರುವುದೇ ಇಲ್ಲ.

ಈ ಬಾಗನ್ನು ನೇರ ಮಾಡುವ ಉಪಾಯ ಎರಡು ರೋಧಕಗಳದ್ದು, ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಒಂದೇ ಬೆಲೆಯ ಎರಡು ದೊಡ್ಡ ರೋಧಕಗಳನ್ನು, 470 ಕಿಲೋಓಮ್ ಅಥವಾ 1 ಮೆಗಾಓಮ್, ತೆಗೆದುಕೊಳ್ಳಿ. ಒಂದು ಡ್ರೈನ್‌ನಿಂದ ಗೇಟ್‌ಗೆ, ಇನ್ನೊಂದು ನಿಯಂತ್ರಣ ವೋಲ್ಟೇಜ್‌ನಿಂದ ಗೇಟ್‌ಗೆ. ಈಗ ಗೇಟ್‌ಗೆ ಡ್ರೈನ್ ಸಿಗ್ನಲ್‌ನ ಸರಿಯಾಗಿ ಅರ್ಧ ಸಿಗುತ್ತದೆ. ಜೆಫೆಟ್‌ನ ಸಮೀಕರಣದಲ್ಲಿ ಕೆಡುಕು ಮಾಡುವ ಪದ ಡ್ರೈನ್ ವೋಲ್ಟೇಜ್‌ನ ವರ್ಗದ ಅರ್ಧ. ಗೇಟ್‌ಗೆ ಹೋದ ಅರ್ಧ ಸಿಗ್ನಲ್ ಅಷ್ಟೇ ದೊಡ್ಡ ಪದವನ್ನು ವಿರುದ್ಧ ಚಿಹ್ನೆಯಲ್ಲಿ ತಂದು ಅದನ್ನು ಪೂರ್ತಿ ಅಳಿಸಿಹಾಕುತ್ತದೆ. ಕಾಗದದ ಮೇಲೆ ಒಂದು ಚೂರೂ ಉಳಿಯುವುದಿಲ್ಲ. ನಿಜವಾದ ಟ್ರಾನ್ಸಿಸ್ಟರ್‌ನಲ್ಲಿ ಸ್ವಲ್ಪ ಉಳಿಯುತ್ತದೆ, ಆದರೆ ಆಸಿಲೋಸ್ಕೋಪ್ ಪರದೆಯ ಮೇಲೆ ಒಂದು ಬದಿಗೆ ವಾಲಿದ್ದ ಅಲೆ ನೆಟ್ಟಗೆ ನಿಲ್ಲುವುದನ್ನು ನೋಡಿದಾಗ ಗಣಿತದ ಮೇಲೆ ಭಕ್ತಿ ಮೂಡುತ್ತದೆ. ಎರಡೇ ರೋಧಕ, ಬೇರೇನೂ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ನಿಯಂತ್ರಣ ವೋಲ್ಟೇಜ್ ಕೂಡ ಅರ್ಧವಾಗುವುದರಿಂದ ಅದನ್ನು ದುಪ್ಪಟ್ಟು ಕೊಡಬೇಕು. 3.8 ವೋಲ್ಟ್ ಪಿಂಚ್‌ಆಫ್‌ಗೆ ಋಣ 7.6 ವೋಲ್ಟ್. ಬಿಎಫ್‌ಡಬ್ಲ್ಯು10ರ ಪಿಂಚ್‌ಆಫ್ 8 ವೋಲ್ಟ್‌ವರೆಗೂ ಇರಬಹುದು ಎಂದು ತಯಾರಕರು ಹೇಳಿರುವುದರಿಂದ ಅಂಥದ್ದು ಕೈಗೆ ಬಂದರೆ ಋಣ 16 ವೋಲ್ಟ್ ಬೇಕಾದೀತು. ಬಿಎಫ್‌ಡಬ್ಲ್ಯು11ಕ್ಕೆ ಮಿತಿ 6 ವೋಲ್ಟ್, ಪೂರ್ಣ ಕರೆಂಟ್ 4ರಿಂದ 10 ಮಿಲಿಆಂಪಿಯರ್. ಬಿಎಫ್‌ಡಬ್ಲ್ಯು10ಕ್ಕೆ 8ರಿಂದ 20. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು 11ನ್ನೇ ಆರಿಸುತ್ತೇನೆ, ಆದರೆ ಪ್ರಯೋಗಾಲಯಗಳ ಬೇಡಿಕೆಯ ಕಾರಣ ಅಂಗಡಿಗಳಲ್ಲಿ 10 ಸಿಗುವಷ್ಟು ಸುಲಭವಾಗಿ 11 ಸಿಗುವುದಿಲ್ಲ. ದುಪ್ಪಟ್ಟು ವೋಲ್ಟೇಜ್‌ನ ತೊಂದರೆ ತಪ್ಪಿಸಲು ಡ್ರೈನ್ ಕಡೆಯ ರೋಧಕದೊಂದಿಗೆ ಸರಣಿಯಲ್ಲಿ ಒಂದು ಕೆಪ್ಯಾಸಿಟರ್ ಇಡಬಹುದು. ಆಗ ಡಿಸಿ ಆ ದಾರಿಯಲ್ಲಿ ಹೋಗದೆ ನಿಯಂತ್ರಣ ವೋಲ್ಟೇಜ್ ಪೂರ್ತಿ ಗೇಟ್‌ಗೆ ತಲುಪುತ್ತದೆ, ಸಿಗ್ನಲ್ ಮಾತ್ರ ಅರ್ಧವಾಗುತ್ತದೆ. ಕೆಪ್ಯಾಸಿಟರ್ ಬೆಲೆಯನ್ನು ಮಾತ್ರ ಯೋಚಿಸಿ ಆರಿಸಬೇಕು. 1 ಮೆಗಾಓಮ್ ಜೋಡಿಗೆ 0.1 ಮೈಕ್ರೋಫ್ಯಾರಡ್ ಹಾಕಿದರೆ ಕಾಲಾವಧಿ 0.2 ಸೆಕೆಂಡ್, ನಿಯಂತ್ರಣದಲ್ಲಿ ಹಠಾತ್ ಬದಲಾವಣೆ ಬಂದಾಗ ಗೇಟ್ ಅರ್ಧ ದಾರಿ ತಟ್ಟನೆ ಹೋಗಿ ಉಳಿದರ್ಧವನ್ನು ನಿಧಾನವಾಗಿ ಸಾಗುತ್ತದೆ. 470 ಕಿಲೋಓಮ್ ಜೋಡಿಗೆ 10 ನ್ಯಾನೋಫ್ಯಾರಡ್ ಹಾಕಿದರೆ ಅದು 10 ಮಿಲಿಸೆಕೆಂಡ್‌ಗಿಂತ ಕಡಿಮೆ, ಸಿಗ್ನಲ್ ಕಡೆಯಲ್ಲಿ ಸುಮಾರು 17 ಹರ್ಟ್ಸ್‌ನಿಂದ ಮೇಲೆ ಕೆಲಸ ಮಾಡುತ್ತದೆ. ಸಂಗೀತಕ್ಕೆ ಇದು ಸಾಕು.

ನಾನು ಇದನ್ನು ಕಟ್ಟಿದ್ದು ವೀಣೆಗಾಗಿ. ವೀಣೆಯ ಕೊಡದ ಮೇಲೆ, ಕಂಪನವನ್ನು ವೋಲ್ಟೇಜ್ ಆಗಿಸುವ ಪೀಜೋ ಬಿಲ್ಲೆ ಅಂಟಿಸಿ ಆಂಪ್ಲಿಫೈಯರ್‌ಗೆ ಕೊಟ್ಟರೆ ಮೀಟಿನ ಮೊದಲ ಏಟು ಸುತ್ತಿಗೆಯಂತೆ ಬಂದು, ಅದರ ಹಿಂದೆ ಬರುವ ಗಮಕ ಸಭೆಗೆ ಕೇಳುವುದೇ ಇಲ್ಲ. ಏಟನ್ನು ತಗ್ಗಿಸಿ, ಉಳಿದ ನಾದವನ್ನು ಹಾಗೆಯೇ ಬಿಡುವ ಲಿಮಿಟರ್ ಬೇಕು. ಟಿಎಲ್074 ಎಂಬುದು ನಾಲ್ಕು ಆಪ್‌ಆಂಪ್‌ಗಳಿರುವ (ಸಿಗ್ನಲ್ ಏರಿಸುವ ಪುಟ್ಟ ಆಂಪ್ಲಿಫೈಯರ್‌ಗಳು) ಚಿಪ್, ಅದರ ಒಂದು ಭಾಗ ಪೀಜೋಗೆ ಬಫರ್. ಅಲ್ಲಿಂದ 47 ಕಿಲೋಓಮ್ ರೋಧಕ, ಅದರ ತುದಿಯಿಂದ ಗ್ರೌಂಡ್‌ಗೆ ಬಿಎಫ್‌ಡಬ್ಲ್ಯು10. ಎರಡನೆಯ ಭಾಗ ಸಿಗ್ನಲ್ ಅನ್ನು ಇಪ್ಪತ್ತರಷ್ಟು ಏರಿಸುತ್ತದೆ. ಮೂರನೆಯದು ಮತ್ತಷ್ಟು ಏರಿಸಿ 1ಎನ್4148 ಡಯೋಡ್ ಮೂಲಕ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ತುಂಬಿಸುತ್ತದೆ, ಆ ವೋಲ್ಟೇಜ್ ಗೇಟನ್ನು ನಡೆಸುತ್ತದೆ. ನಿಶ್ಶಬ್ದವಾಗಿರುವಾಗ ಪ್ರಿಸೆಟ್ ಗೇಟನ್ನು ಪಿಂಚ್‌ಆಫ್ ಬಳಿ ಹಿಡಿದಿರುತ್ತದೆ, ಜೆಫೆಟ್ ಇಲ್ಲವೇನೋ ಎಂಬಂತೆ ಇರುತ್ತದೆ. ಜೋರು ಸದ್ದು ಬಂದಾಗ ಗೇಟ್ ಸೊನ್ನೆಯತ್ತ ಏರಿ, ರೋಧ ಇಳಿದು, ಸಿಗ್ನಲ್‌ನ ಬಹುಪಾಲು ಗ್ರೌಂಡ್‌ಗೆ ಹೋಗುತ್ತದೆ. ಈ ಜೋಡಣೆಯಲ್ಲಿ ಡ್ರೈನ್ ಮೇಲಿನ ಸಿಗ್ನಲ್ ಸುಮಾರು 50 ಮಿಲಿವೋಲ್ಟ್ ದಾಟದಂತೆ ತಾನೇ ತಡೆದುಕೊಳ್ಳುತ್ತದೆ, ಹಾಗಾಗಿ ಬಾಗುವಿಕೆಯ ಕಾಟವೂ ಕಡಿಮೆ.

ಬಿಎಫ್‌ಡಬ್ಲ್ಯು10ರ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲಿಯೇ ಇದೆ. ಅದರ ಗೇಟ್ ಮೂರು ನಾಲ್ಕು ವೋಲ್ಟ್ ಓಡಾಡಬೇಕಾದ್ದರಿಂದ ಆ ಮೂರನೆಯ ಆಪ್‌ಆಂಪ್ ಬೇಕಾಗುತ್ತದೆ. ಪಿಂಚ್‌ಆಫ್ ಕಡಿಮೆ ಇರುವ ಜೆಫೆಟ್‌ಗೆ ಎರಡೇ ಸಾಕಾಗುತ್ತಿತ್ತು. ಆದರೂ ಟಿಎಲ್074ರಲ್ಲಿ ನಾಲ್ಕು ಹೇಗೂ ಇರುವುದರಿಂದ ಇದು ಹಣದ ಪ್ರಶ್ನೆಯಲ್ಲ, ಬೋರ್ಡಿನ ಮೇಲಿನ ಜಾಗದ ಪ್ರಶ್ನೆ. ಧ್ವನಿಯ ವಿಷಯದಲ್ಲಿ ಮಾತ್ರ ಯಾವ ತಕರಾರೂ ಇಲ್ಲ. ಮೀಟು ಮೃದುವಾಯಿತು, ಕಾಂಭೋಜಿಯ ದೀರ್ಘ ಎಳೆತಗಳು ಕೊನೆಯವರೆಗೂ ನಿಂತವು. ಕೆಪ್ಯಾಸಿಟರ್ ಖಾಲಿಯಾಗುವ ದಾರಿಗೆ 470 ಕಿಲೋಓಮ್ ಇಟ್ಟಾಗ ತಾಳದ ತಂತಿ ತಟ್ಟಿದ ಕೂಡಲೇ ಮುಖ್ಯ ತಂತಿಯ ನಾದ ಒಳಗೆ ಸೆಳೆದುಕೊಂಡಂತೆ ಕೇಳುತ್ತಿತ್ತು. 220 ಕಿಲೋಓಮ್ ಇಟ್ಟಾಗ ಅದು ಸರಿಹೋಯಿತು. ವೀಣೆಗೆ ಕಟ್ಟುವವರು ಈ ಒಂದು ರೋಧಕವನ್ನು ಕಿವಿಯಿಂದಲೇ ಆರಿಸಿ. ಸ್ಟುಡಿಯೋಗಳಲ್ಲಿ ಇಂದಿಗೂ ಹೆಸರು ಮಾಡಿರುವ, 1960ರ ದಶಕದ ಕೊನೆಯಲ್ಲಿ ಬಂದ ಯೂರಿ ಕಂಪನಿಯ 1176 ಲಿಮಿಟರ್ ಕೂಡ ಫೆಟ್ (ಜೆಫೆಟ್ ಸೇರುವ ಟ್ರಾನ್ಸಿಸ್ಟರ್ ಕುಟುಂಬ) ಅನ್ನು ಇದೇ ರೀತಿ ರೋಧಕವಾಗಿ ನಡೆಸಿದ ಯಂತ್ರ. ಬಿಲ್ ಪಟ್ನಮ್ ಅದನ್ನು ರೂಪಿಸಿದವರು. ಮೂಲ ತತ್ವ ಒಂದೇ ಎಂದು ತಿಳಿದಾಗ ನನ್ನ ಪುಟ್ಟ ಡಬ್ಬಿಯ ಮೇಲಿನ ಅಭಿಮಾನ ಇನ್ನಷ್ಟು ಹೆಚ್ಚಿತು.

ಜೆ113 ಅನ್ನು ನಾನು ಬಳಸಿದ್ದು ಅಣ್ಣನ ಮಗನ ಗಿಟಾರ್‌ಗೆ. "ಅತ್ತೆ, ಫೇಸರ್ ಕಟ್ಟಿಕೊಡಿ" ಎಂದು ಹಿಂದೆ ಬಿದ್ದಿದ್ದ. 1974ರಲ್ಲಿ ಅಮೆರಿಕದ ಎಂಎಕ್ಸ್‌ಆರ್ ಕಂಪನಿ ಹೊರತಂದ, ಗಿಟಾರ್ ನಾದವನ್ನು ಸುಳಿಸುವ ಫೇಸ್ 90 ಪೆಡಲ್ ಈ ವಿದ್ಯೆಯ ಪಾಠಪುಸ್ತಕವೇ ಸರಿ. ನಾಲ್ಕು ಹಂತಗಳು, ಪ್ರತಿ ಹಂತದಲ್ಲಿ ಒಂದು ಜೆಫೆಟ್, ಎಲ್ಲದರ ಗೇಟ್‌ಗಳನ್ನೂ ಒಂದೇ ನಿಧಾನ ಅಲೆ ಏರಿಸಿ ಇಳಿಸುತ್ತದೆ. ಜೆಫೆಟ್‌ಗೆ ಸಮಾಂತರವಾಗಿ 24 ಕಿಲೋಓಮ್, ಜೊತೆಗೆ 47 ನ್ಯಾನೋಫ್ಯಾರಡ್. ಜೆಫೆಟ್ ಪೂರ್ತಿ ಮುಚ್ಚಿದಾಗ ಆ ಹಂತದ ತಿರುವು ಸುಮಾರು 140 ಹರ್ಟ್ಸ್‌ನಲ್ಲಿ, ರೋಧ 1 ಕಿಲೋಓಮ್‌ಗೆ ಇಳಿದಾಗ 3,400 ಹರ್ಟ್ಸ್ ಬಳಿ. ನಾಲ್ಕೂ ಹಂತ ಸೇರಿ ನಾದದಲ್ಲಿ ಎರಡು ತಗ್ಗುಗಳನ್ನು ತೋಡಿ, ಅವುಗಳನ್ನು ಮೇಲೆ ಕೆಳಗೆ ಓಡಿಸುತ್ತವೆ. ಆ ಸುಳಿಯುವ ಸದ್ದಿಗೆ ಕಾರಣ ಇಷ್ಟೇ.

ಇಲ್ಲಿ ನಾಲ್ಕೂ ಜೆಫೆಟ್‌ಗಳ ಪಿಂಚ್‌ಆಫ್ ಒಂದೇ ಇರಬೇಕು. ಒಂದು ಮುಂಚೆ ಮುಚ್ಚಿ ಇನ್ನೊಂದು ತಡವಾಗಿ ಮುಚ್ಚಿದರೆ ತಗ್ಗುಗಳು ಅಳ್ಳಕವಾಗಿ ಸದ್ದು ಸಪ್ಪೆಯಾಗುತ್ತದೆ. ಅಲ್ಲದೆ ಒಳಗಿನ ಆಧಾರ ವೋಲ್ಟೇಜ್ ವೋಲ್ಟೇಜನ್ನು ಸ್ಥಿರವಾಗಿಡುವ 5.1 ವೋಲ್ಟ್ ಝೀನರ್ ಡಯೋಡ್‌ನಿಂದ ಬರುವುದರಿಂದ ಗೇಟ್ ಅದಕ್ಕಿಂತ ಕೆಳಗೆ ಇಳಿಯುವುದಕ್ಕೆ ಜಾಗ ಅಷ್ಟೇ. ಬಿಎಫ್‌ಡಬ್ಲ್ಯು10 ಇಲ್ಲಿ ಉಸಿರು ಕಟ್ಟಿದಂತೆ ವರ್ತಿಸುತ್ತದೆ. ಜೆ113ರ ಪಿಂಚ್‌ಆಫ್ 0.5ರಿಂದ 3 ವೋಲ್ಟ್. ಎರಡರ ಆಸುಪಾಸಿನವು ನಾಲ್ಕನ್ನು ಹೆಕ್ಕಿದರೆ ಕೆಲಸ ಸಲೀಸು. ಸ್ವಿಚ್ ಆಗಿ ಬಳಸಲೆಂದೇ ಮಾಡಿದ ಟ್ರಾನ್ಸಿಸ್ಟರ್ ಇದು, ತೆರೆದಾಗಿನ ರೋಧ 100 ಓಮ್ ಮೀರುವುದಿಲ್ಲ ಎಂದು ತಯಾರಕರೇ ಖಾತರಿ ಕೊಡುತ್ತಾರೆ. ರೋಧಕವಾಗಿ ಬಳಸುವವರಿಗೆ ಇಂಥ ಖಾತರಿ ಬಹಳ ದೊಡ್ಡದು, ಏಕೆಂದರೆ ಇತರ ಜೆಫೆಟ್‌ಗಳಲ್ಲಿ ನಾವೇ ಲೆಕ್ಕ ಹಾಕಿಕೊಳ್ಳಬೇಕು. ಬೆಲೆ ಲೋಹದ ಡಬ್ಬಿಗಿಂತ ಬಹಳ ಕಡಿಮೆ. ಹತ್ತಿಪ್ಪತ್ತು ಒಟ್ಟಿಗೆ ಕೊಂಡು ಅಳೆದು ಗುಂಪು ಮಾಡುವ ಧೈರ್ಯ ಬರುವುದು ಇದೇ ಕಾರಣಕ್ಕೆ. 2ಎನ್5457 ಕೂಡ ಚೆನ್ನಾಗಿಯೇ ನಡೆಯುತ್ತದೆ, ಆದರೆ ಅದರ ಪಿಂಚ್‌ಆಫ್ 0.5ರಿಂದ 6 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು, ಜೋಡಿ ಹುಡುಕುವುದಕ್ಕೆ ಹೆಚ್ಚು ಕೊಳ್ಳಬೇಕು.

ಅಳೆಯುವುದು ಕಷ್ಟವಲ್ಲ, ಆದ್ದರಿಂದ ಅಳೆಯದೆ ಬೆಸುಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಗೇಟನ್ನು ಗ್ರೌಂಡ್‌ಗೆ, ಡ್ರೈನನ್ನು ಧನ 9 ವೋಲ್ಟಿಗೆ ಕೊಡಿ. ಸೋರ್ಸ್ ಮತ್ತು ಗ್ರೌಂಡ್ ನಡುವೆ ಡಿಜಿಟಲ್ ಮಲ್ಟಿಮೀಟರ್ ಮಾತ್ರ ಇರಲಿ, ಡಿಸಿ ವೋಲ್ಟ್‌ನಲ್ಲಿ. ಮೀಟರ್‌ನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್ ಇರುವುದರಿಂದ ಅತಿ ಸಣ್ಣ ಕರೆಂಟ್ ಮಾತ್ರ ಹರಿದು, ಮೀಟರ್ ತೋರಿಸುವ ಅಂಕಿ ಪಿಂಚ್‌ಆಫ್‌ಗೆ ಬಹಳ ಹತ್ತಿರವಿರುತ್ತದೆ. ಬಿಎಫ್‌ಡಬ್ಲ್ಯು10ಕ್ಕೆ 9ರ ಬದಲು 12 ವೋಲ್ಟ್ ಕೊಡಿ. ಬೆರಳಿನಲ್ಲಿ ಹಿಡಿದು ಹಾಕಿದ ತಕ್ಷಣ ಓದಬೇಡಿ, ಮೈಶಾಖ ಆರಿ ಅಂಕಿ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಗೇಟ್ ಮತ್ತು ಸೋರ್ಸ್ ಕೂಡಿಸಿ, ಡ್ರೈನ್ ದಾರಿಯಲ್ಲಿ ಮಿಲಿಆಂಪಿಯರ್ ಮೀಟರ್ ಇಟ್ಟು ಪೂರ್ಣ ಕರೆಂಟ್ ನೋಡಿ. ಎರಡೂ ಅಂಕಿಗಳನ್ನು ಚೀಟಿಯಲ್ಲಿ ಬರೆದು ಟ್ರಾನ್ಸಿಸ್ಟರ್ ಕಾಲಿಗೆ ಸಿಕ್ಕಿಸಿಡಿ.

ಕೊಳ್ಳುವಾಗಿನ ಎಚ್ಚರ ಬೇರೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ, ಜೆ201 ಎಂದು ಅಚ್ಚಾಗಿದ್ದ ಪೊಟ್ಟಣದಲ್ಲಿ ಜೆಫೆಟ್ ಒಂದೂ ಇರಲಿಲ್ಲ, ಎಲ್ಲವೂ ಸಾಧಾರಣ ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳು. ಈ ಮೋಸ ನನ್ನನ್ನು ತುಂಬ ಸಿಟ್ಟಿಗೆಬ್ಬಿಸಿತು, ಏಕೆಂದರೆ ಕಲಿಯುವ ಹುಡುಗನೊಬ್ಬ ಅದನ್ನು ಕೊಂಡಿದ್ದರೆ ತಪ್ಪು ತನ್ನದೇ ಎಂದುಕೊಂಡು ಸರ್ಕ್ಯೂಟ್ ಬಿಚ್ಚಿ ಕಟ್ಟುತ್ತ ಕೂರುತ್ತಿದ್ದ. ಪತ್ತೆ ಮಾಡುವುದು ಸುಲಭ: ಗೇಟ್ ಮತ್ತು ಸೋರ್ಸ್ ಕೂಡಿಸಿ ಡ್ರೈನ್‌ಗೂ ಅವಕ್ಕೂ ನಡುವೆ ಓಮ್ ಅಳೆಯಿರಿ, ನಿಜವಾದ ಜೆಫೆಟ್ ಜಾತಿಗೆ ತಕ್ಕಂತೆ ಕೆಲವು ಹತ್ತುಗಳಿಂದ ಕೆಲವು ನೂರು ಓಮ್‌ವರೆಗೆ ತೋರಿಸುತ್ತದೆ. ಡಯೋಡ್ ಪರೀಕ್ಷೆಯಲ್ಲಿ ಗೇಟ್‌ನಿಂದ ಎರಡೂ ಕಾಲುಗಳಿಗೆ 0.7 ವೋಲ್ಟ್ ಆಸುಪಾಸು ಬರಬೇಕು, ತಿರುಗಿಸಿದರೆ ಏನೂ ಬರಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಮಲ್ಟಿಮೀಟರನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿ. ಅಂಗಡಿಯವರು ಬೇಸರಪಡುವುದಿಲ್ಲ, ಒಳ್ಳೆಯ ಅಂಗಡಿಯವರು ಮೆಚ್ಚಿಕೊಳ್ಳುತ್ತಾರೆ. ಕಾಲುಗಳ ಕ್ರಮವನ್ನೂ ತಯಾರಕರ ಹಾಳೆಯಲ್ಲಿ ನೋಡಿಯೇ ಜೋಡಿಸಿ. ಜೆ113ರಲ್ಲಿ ಗೇಟ್ ಒಂದು ತುದಿಯಲ್ಲಿದ್ದರೆ 2ಎನ್3819ರಲ್ಲಿ ನಡುವೆ ಇರುತ್ತದೆ. ಡ್ರೈನ್ ಮತ್ತು ಸೋರ್ಸ್ ಅದಲುಬದಲಾದರೆ ಬಿಎಫ್‌ಡಬ್ಲ್ಯು10ಕ್ಕಾಗಲಿ ಜೆ113ಕ್ಕಾಗಲಿ ತೊಂದರೆಯಿಲ್ಲ, ಅವು ಎರಡೂ ಕಡೆ ಒಂದೇ ಸಮನಾಗಿ ಮಾಡಿದವು.

ಇತರ ದಾರಿಗಳ ಬಗ್ಗೆ ಕೇಳುವವರಿರುತ್ತಾರೆ. 2ಎನ್7000 ಮಾಸ್‌ಫೆಟ್ ಎಲ್ಲೆಡೆ ಸಿಗುತ್ತದೆ, ಧನ ವೋಲ್ಟೇಜ್‌ನಿಂದಲೇ ನಡೆಯುತ್ತದೆ, ಆರ್ಡುಯಿನೊ ಕಂಟ್ರೋಲರ್ ಬೋರ್ಡಿನಿಂದ ನೇರವಾಗಿ ನಡೆಸಬಹುದು ಎಂಬ ಆಸೆ ಹುಟ್ಟಿಸುತ್ತದೆ. ಆದರೆ ಅದು ತೆರೆಯುವ ವೋಲ್ಟೇಜ್ 0.8ರಿಂದ 3ರವರೆಗೆ ಎಲ್ಲಾದರೂ ಇರಬಹುದು, ತೆರೆದ ಮೇಲೆ ಕೆಲವೇ ಓಮ್‌ಗೆ ಧುಮುಕುತ್ತದೆ, ನಮಗೆ ಬೇಕಾದ ಕಿಲೋಓಮ್‌ಗಳ ಭಾಗ ಕಿರಿದಾದ ಓಣಿಯಷ್ಟೇ. ಒಳಗಿನ ಡಯೋಡ್ ಋಣ ಅರ್ಧದಲ್ಲಿ ಅರ್ಧ ವೋಲ್ಟ್ ದಾಟಿದರೆ ತಾನೇ ಹರಿಯತೊಡಗುತ್ತದೆ. ಸಂಗೀತಕ್ಕೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಬಿಸಿ547 ಬೈಪೋಲಾರ್ ಟ್ರಾನ್ಸಿಸ್ಟರನ್ನು ಗ್ರೌಂಡ್‌ಗೆ ಹಾಕಿ ಬೇಸ್ ಕರೆಂಟ್‌ನಿಂದ ರೋಧ ಬದಲಾಯಿಸುವ ಉಪಾಯವನ್ನು ಹಳೆಯ ಕ್ಯಾಸೆಟ್ ರೆಕಾರ್ಡರ್‌ಗಳು ಧ್ವನಿಮಟ್ಟವನ್ನು ತಾವಾಗಿ ಹೊಂದಿಸಲು ಬಳಸುತ್ತಿದ್ದವು. ಮೈಕಿನಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳಿಗೆ ಅದು ಚೆನ್ನ. ಅದಕ್ಕಿಂತ ದೊಡ್ಡ ಸಿಗ್ನಲ್ ಒಡೆಯುತ್ತದೆ.

ಎಲ್‌ಇಡಿ ಮತ್ತು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೋಧಕ) ಅನ್ನು ಕಪ್ಪು ಕೊಳವೆಯಲ್ಲಿ ಎದುರುಬದುರು ಇಟ್ಟು ಮಾಡುವ ಜೋಡಿಯೊಂದೇ ಜೆಫೆಟ್‌ಗೆ ನಿಜವಾದ ಎದುರಾಳಿ. ಎಲ್‌ಡಿಆರ್ ನಿಜವಾದ ರೋಧಕ, ದೊಡ್ಡ ಸಿಗ್ನಲ್‌ಗೂ ಬಾಗುವುದಿಲ್ಲ. ಬೆಳಕು ಬಿದ್ದಾಗ ಬೇಗ ಇಳಿಯುವ ರೋಧ ಕತ್ತಲಾದ ಮೇಲೆ ನಿಧಾನವಾಗಿ ಏರುತ್ತದೆ. ಈ ನಿಧಾನವೇ ಅದರ ಬಲವೂ ದೌರ್ಬಲ್ಯವೂ. 1939ರಲ್ಲಿ ಎಚ್‌ಪಿ 200ಎ ಆಸಿಲೇಟರ್‌ನಲ್ಲಿ (ಅಲೆ ಹುಟ್ಟಿಸುವ ಉಪಕರಣ) ಆ ಕಂಪನಿಯ ವಿಲಿಯಂ ಹ್ಯೂಲೆಟ್ ಅಲೆಯ ಎತ್ತರವನ್ನು ಸ್ಥಿರವಾಗಿಡಲು ಸಣ್ಣ ಬಲ್ಬ್ ಒಂದನ್ನು ಬಳಸಿದರು. ಬಲ್ಬಿನ ತಂತಿ ಒಂದೊಂದು ಅಲೆಗೂ ಬಿಸಿಯಾಗಿ ತಣ್ಣಗಾಗುವಷ್ಟು ಚುರುಕಲ್ಲ, ಆದ್ದರಿಂದ ಅಲೆಯ ಆಕಾರ ಕೆಡಲಿಲ್ಲ. ಜೆಫೆಟ್ ಪ್ರತಿ ಅಲೆಯನ್ನೂ ಆ ಕ್ಷಣದಲ್ಲೇ ನೋಡುತ್ತದೆ. ಬಾಗುವಿಕೆಯ ಮೂಲ ಅದರ ಆ ಚುರುಕುತನ. 200ಎ ಬಗೆಯ ವೀನ್ ಬ್ರಿಜ್ ಆಸಿಲೇಟರ್ ಕಟ್ಟುವವರು ಬಲ್ಬಿನ ಬದಲು ಜೆಫೆಟ್ ಹಾಕುವುದಾದರೆ ಮೇಲೆ ಹೇಳಿದ ಎರಡು ರೋಧಕಗಳನ್ನು ಬಿಡಲೇಬಾರದು, ಡ್ರೈನ್ ಮೇಲಿನ ಸಿಗ್ನಲ್ ಅನ್ನು 100 ಮಿಲಿವೋಲ್ಟ್ ಒಳಗೇ ಇಡಬೇಕು.

ಬಿಎಫ್‌ಡಬ್ಲ್ಯು10ರ ನಾಲ್ಕನೆಯ ಕಾಲಿನ ವಿಷಯ ಹೇಳಬೇಕು. ಅದು ಲೋಹದ ಹೊದಿಕೆಗೆ ಸೇರಿದ್ದು, ಪ್ರಯೋಗಾಲಯದಲ್ಲಿ ಅದನ್ನು ಸುಮ್ಮನೆ ಮಡಚಿ ಬಿಡುವ ರೂಢಿ. ಮೆಗಾಓಮ್‌ಗಳ ಗೇಟ್ ದಾರಿ ಇರುವ ಇಂಥ ಸರ್ಕ್ಯೂಟಿನಲ್ಲಿ ಅದನ್ನು ಗ್ರೌಂಡ್‌ಗೆ ಕೊಡಿ, ಟ್ಯೂಬ್‌ಲೈಟ್ ಪಕ್ಕದಲ್ಲಿ ಕೂತರೂ ಗುಂಯ್ ಸದ್ದು ಹತ್ತಿರ ಸುಳಿಯುವುದಿಲ್ಲ. ಪ್ಲಾಸ್ಟಿಕ್ ಮೈಯ ಜೆ113ಕ್ಕೆ ಈ ರಕ್ಷಣೆ ಇಲ್ಲದ್ದರಿಂದ ಅದರ ಗೇಟ್ ರೋಧಕಗಳನ್ನು ಕಾಲಿಗೆ ಅಂಟಿಕೊಂಡಂತೆ ಜೋಡಿಸಿ, ಇಡೀ ಬೋರ್ಡನ್ನು ಲೋಹದ ಪೆಟ್ಟಿಗೆಯೊಳಗೆ ಇಡಬೇಕು. ಉದ್ದ ಕಾಲಿನ ಜೆಫೆಟ್‌ಗಳು ಅಂಗಡಿಗಳಿಂದ ಒಂದೊಂದಾಗಿ ಮರೆಯಾಗುತ್ತಿವೆ. ಜೆ113 ಸಿಗದಿದ್ದರೆ ಎಂಎಂಬಿಎಫ್‌ಜೆ113 ಎಂಬ ಹೆಸರಿನಲ್ಲಿ ಅದರ ಪುಟ್ಟ ಮೇಲ್ಮೈ ಜೋಡಣೆಯ ರೂಪವನ್ನು ಕೇಳಿ. ಮೂರು ಕಾಲಿನ ಅಡಾಪ್ಟರ್ ಬೋರ್ಡಿನ ಮೇಲೆ ಮೊದಲು ಒಂದು ಮೂಲೆಗೆ ಮಾತ್ರ ತವರ ತಾಗಿಸಿ, ಚಿಮುಟದಲ್ಲಿ ಹಿಡಿದು ನೇರ ಮಾಡಿ, ಆಮೇಲೆ ಉಳಿದೆರಡು ಕಾಲುಗಳಿಗೆ ಬೆಸುಗೆ ಹಾಕಿ. ಹೀಗೆ ಅಡಾಪ್ಟರ್‌ಗೆ ಹಾಕಿದ ಮೇಲೆಯೇ ಪಿಂಚ್‌ಆಫ್ ಅಳೆದು, ಅಂಕಿಯನ್ನು ಬೋರ್ಡಿನ ಹಿಂಬದಿಯಲ್ಲಿ ಶಾಶ್ವತ ಶಾಯಿಯಿಂದ ಬರೆದಿಡಬಹುದು.